ಎರಡು ಆಪರೇಷನ್, ಒಂದು ಕಳ್ಳ ಕುಬುಸ

ಬೆಳಗಾವಿಯ ಆ ದವಾಖಾನ್ಯಾಗ, ಪಾಳಿ ಹಿಡದು ಕುಂದ್ರೋ ಜಾಗದಾಗ, ಗ್ವಾಡಿ ತುಂಬ ಜೋಡಿ ಫೋಟೋ ಹಚ್ಚಿದ್ರು. ಎಡಕ್ಕ ದಪ್ಪ ಹೆಂಗಸು, ಮಾರಿ ಬಾಡಿಸ್ಕೊಂಡು. ಬಲಕ್ಕ ಅದೇ ಹೆಂಗಸು ಸಣ್ಣಾಗಿ, ಹಲ್ಲು ತೋರಿಸ್ಕೊಂತ. ಎಡಗಡೆ ಒಬ್ಬಾಕಿನೂ ನಗಬಾರದೇನು? ದಪ್ಪ ಇದ್ದಾಗ ನಾ ಏನ ಅಳಕೋತ ಕುಂತಿದ್ನಾ? ನಮ್ಮ ಓಣ್ಯಾಗ ನನ್ನಷ್ಟು ನಗೋ ಹೆಂಗಸು ಇನ್ನೊಬ್ಬಾಕಿ ಇರಲಿಲ್ಲ. ಈ ಮಾತು ಅವತ್ತ ಅಂದಿದ್ರ ಚೊಲೊ ಇತ್ತು. ಅನ್ನಲಿಲ್ಲ. ಸುಮ್ನ ಕುಂತು ಬಲಗಡೆ ಫೋಟೋ ನೋಡಿದೆ.

ನನ್ನ ಹೆಸರು ಶೋಭಾ. ಬೈಲಹೊಂಗಲದಾಗ ಮನ್ಯಾಗ ಮಶೀನ್ ಇಟ್ಕೊಂಡು ಜಂಪರು, ಸಾಲಿ ಹುಡುಗೂರ ಯೂನಿಫಾರ್ಮು ಹೊಲೀತೇನಿ. ನಮ್ಮನಿಯವ್ರದು ಕಿತ್ತೂರ ಹೈವೇ ಮ್ಯಾಲ ಪಂಕ್ಚರ್ ಅಂಗಡಿ. ಮುಂಜಾನೆ ಗಾಡಿ ಹೊಡಕೊಂಡು ಹೋದ್ರ ಸಂಜೀಕ ಬರ್ತಾರ. ಮನ್ಯಾಗ ಮೂರನೆಯವ್ರು ನಮ್ಮತ್ತಿ ನೀಲವ್ವ. ನಾಲ್ಕನೆಯವ್ರು ಯಾರೂ ಇಲ್ಲ, ಅದ ನಮ್ಮ ಮನಿ ಸಂಕಟ. ಮದಿವಿ ಆಗಿ ಹನ್ನೆರಡು ವರ್ಷ ಮಕ್ಕಳಾಗಲಿಲ್ಲ. ಹೋದ ಹೋದ ದವಾಖಾನ್ಯಾಗ ಒಂದ ಮಾತು: ಮೊದಲ ವಜನ ಇಳಸ್ರಿ, ಆಮ್ಯಾಲ ನೋಡೂಣು. ನಡದೆ, ಉಪಾಸ ಇದ್ದೆ, ಕಹಿ ಕಷಾಯ ಕುಡದೆ. ಇಳೀತಿತ್ತು, ಮತ್ತ ಏರ್ತಿತ್ತು. ಕಡೀಕ ಬೆಳಗಾವಿ ಡಾಕ್ಟರು ಹೊಟ್ಟಿ ಆಪರೇಷನ್ ಮಾಡೂಣು ಅಂದ್ರು. ಹೊಟ್ಟಿನ ಸಣ್ಣ ಚೀಲ ಮಾಡಿ, ಅರ್ಧ ಕರಳು ದಾಟಿಸಿ ಮುಂದ ಜೋಡಸ್ತಾರ. ಅದರ ಪಾಠ ನಾ ಹೇಳಂಗಿಲ್ಲ, ಹೇಳೋರು ಭಾಳ ಮಂದಿ ಅದಾರ. ಹೇಳೋದು ಇಷ್ಟ: ಸಣ್ಣಾಗಬೇಕಂತ ನಾ ಆ ಮೇಜಿನ ಮ್ಯಾಲ ಮಲಗಲಿಲ್ಲ. ಕೂಸು ಬೇಕಂತ ಮಲಗಿದೆ.

ಆಪರೇಷನ್ ಆಗಿ ಸಣ್ಣಾದ ಮೊದಲಿನ ಕೆಲವು ತಿಂಗಳು ಓಣಿ ತುಂಬ ನನ್ನ ಸುದ್ದಿನ. ಜಂಪರ್ ಹೊಲಸೋ ನೆವದಿಂದ ಹೆಂಗಸ್ರು ಬಂದು ಮಶೀನ್ ಮುಂದ ಕುಂದ್ರತಿದ್ರು. "ಶೋಭಕ್ಕ, ಏನ ತಿಂತೀರಿ? ನಮಗೂ ಹೇಳ್ರಿ." ಏನೂ ತಿನ್ನಂಗಿಲ್ಲ ಅಂದ್ರ ನಗತಿದ್ರು. ನಮ್ಮನಿಯವ್ರು ನನ್ನ ಗಾಡಿ ಹಿಂದ ಕುಂದ್ರಿಸ್ಕೊಂಡು ಸವದತ್ತಿ ಗುಡ್ಡಕ್ಕ ಕರಕೊಂಡು ಹೋದ್ರು. ಹಿಂದ ನಾ ಹತ್ತಿದ್ರ ಗಾಡಿ ಜಗ್ಗಂಗಿಲ್ಲ ಅಂತ ನನ್ನ ಬಸ್ಸಿಗೆ ಹಾಕಿ ತಾವು ಗಾಡಿ ಮ್ಯಾಲ ಬರೋ ಮನಷ್ಯಾ. ಅವತ್ತ ನನಗ ಭಾಳ ಖುಷಿ ಆಗಿತ್ತು. ಈಗ ನೆನಸ್ಕೊಂಡ್ರ ಸಿಟ್ಟು ಬರ್ತೈತಿ.

ಆಮ್ಯಾಲ ವಾಂತಿ ಸುರುವಾತು. ಒಂದು ತುತ್ತು ಹೆಚ್ಚಾದ್ರ ವಾಂತಿ, ಕಡಿಮಿ ಆದ್ರೂ ವಾಂತಿ. ಡಾಕ್ಟರು ರಾಶಿ ಗುಳಿಗಿ ಕೊಟ್ಟಿದ್ರು, ರಕ್ತಕ್ಕ ಒಂದು, ಎಲಬಿಗೆ ಒಂದು, ಮತ್ತ ಹಾಲಿನಾಗ ಕಲಸಿ ಕುಡಿಯೋ ಪುಡಿ. ತಿಂಗಳಾ ತಿಂಗಳಾ ಬಂದು ರಕ್ತ ತೋರಸ್ರಿ ಅಂದಿದ್ರು. ನಾ ಗುಳಿಗಿ ನುಂಗತಿದ್ದೆ, ಅರ್ಧ ಹೊರಗ ಬರತಿದ್ವು. ಇದರ ನಡಬರಕ ನನ್ನ ಬಾಯಿಗೆ ಒಂದು ಹುಚ್ಚು ಹತ್ತಿತು. ಬಟ್ಟಿ ಮ್ಯಾಲ ಗೆರಿ ಎಳಿಯೋ ಖಡು ಇರತಾವಲ್ಲ, ಒಂದಿನ ಅದರ ತುದಿ ಕಡದೆ. ಕಡದ ಮ್ಯಾಲ ಬಿಡಾಕ ಆಗಲಿಲ್ಲ. ಖಡುವಿನ ಡಬ್ಬಿ ಖಾಲಿ ಆತು, ಹೊಸಾದು ತಂದೆ, ಅದೂ ಖಾಲಿ ಆತು. ಹಿತ್ತಲ ಮಣ್ಣಿನ ಗ್ವಾಡಿಗೆ ನೀರು ಬಿದ್ರ ಸಾಕು, ಆ ವಾಸನಿಗೆ ಬಾಯಾಗ ನೀರು ಬರತಿತ್ತು. ಉಗರಿಂದ ಕೆರದು ತಿಂತಿದ್ದೆ. ಮೂವತ್ತೇಳು ವರ್ಷದ ಹೆಂಗಸು, ಗ್ವಾಡಿ ತಿಂತೇನಿ ಅಂತ ಯಾರ ಮುಂದ ಹೇಳ್ಲಿ?

ಒಂದು ಮಧ್ಯಾಹ್ನ ನಮ್ಮತ್ತಿ ನೋಡಿಬಿಟ್ಲು. ಬಟ್ಟಿ ಒಗಿಯೋ ಕಲ್ಲಿನ ಹಂತೇಕ ನಿಂತಿದ್ಲು. ನನ್ನ ಬಾಯಿ ಸುತ್ತ ಮಣ್ಣು. ಬೈತಾಳ ಅಂತ ನಾ ತಲಿ ಕೆಳಗ ಹಾಕಿದೆ.

"ಶೋಭಾ, ಹೊರಗಾಗಿ ಎಷ್ಟ ದಿನಾ ಆತವಾ?" ಅಂದ್ಲು.

"ಎರಡು ತಿಂಗಳಾತ್ರಿ ಅತ್ತಿ."

ನಮ್ಮತ್ತಿ ಅದ ಕಲ್ಲಿನ ಮ್ಯಾಲ ಕುಂತಬಿಟ್ಲು. ಕುಂತು ಸೆರಗಿನ್ಯಾಗ ಮಾರಿ ಮುಚ್ಚಿಕೊಂಡು ಅತ್ಲು. ವಾಂತಿ, ಮಣ್ಣಿನ ಬಯಕಿ, ಮುಟ್ಟು ನಿಂತದ್ದು, ಇನ್ನೇನ ಬೇಕು? ಹಳೇ ಹೆಂಗಸ್ರು ಇಷ್ಟ ನೋಡಿ ಹೇಳತಿದ್ರು, ಅವ್ರ ಮಾತು ಸುಳ್ಳಾಗತಿರಲಿಲ್ಲ. ನಮ್ಮತ್ತಿ ಕೆಟ್ಟ ಹೆಂಗಸಲ್ಲ, ಅದನ್ನ ಇಲ್ಲೇ ಹೇಳಿಬಿಡತೇನಿ. ಕೆಟ್ಟಾಕಿ ಆಗಿದ್ರ ನನಗ ಎಷ್ಟೋ ಸಲೀಸಾಗತಿತ್ತು.

ಮೆಡಿಕಲ್ ಅಂಗಡಿಯಿಂದ ಬಸರು ನೋಡೋ ಕಡ್ಡಿ ತಂದು ನೋಡಬೇಕಿಲ್ಲೇನು ಅಂತ ನೀವು ಕೇಳ್ತೀರಿ. ನರ್ಸ್ ಕೇಳಿದ್ಲು, ಡಾಕ್ಟರು ಕೇಳಿದ್ರು, ಎಲ್ಲಾರೂ ಕೇಳಿದ್ರು. ಹನ್ನೆರಡು ವರ್ಷ ಅದನ್ನ ಮಾಡೇನಿ ನಾ. ಪ್ರತಿ ಸಲ ಬರೇ ಒಂದ ಗೆರಿ. ಎರಡನೇದು ಬರ್ತೈತೇನೋ ಅಂತ ಕಡ್ಡಿ ಬೆಳಕಿಗೆ ಹಿಡದು ಹೊಳ್ಳಿಸಿ ಹೊಳ್ಳಿಸಿ ನೋಡಿದ ಹೆಂಗಸಿಗೆ ಇನ್ನೊಮ್ಮಿ ನೋಡು ಅನ್ನೋದು ಸಲೀಸು. ನನಗ ಧೈರ್ಯ ಇರಲಿಲ್ಲ. ಮತ್ತ ಖರೇ ಹೇಳ್ಬೇಕಂದ್ರ, ನಾ ನಂಬಿದ್ದೆ. ನಮ್ಮತ್ತಿಗಿಂತ ಹೆಚ್ಚು ನಂಬಿದ್ದೆ.

ಅವತ್ತಿಂದ ಮನ್ಯಾಗ ಹೊಸಾ ಕಾಯ್ದೆ ಬಂತು. ಮೂರು ತಿಂಗಳು ತುಂಬೋತನಕ ಹೊರಗ ಸುದ್ದಿ ಹೇಳಬಾರದು, ದೃಷ್ಟಿ ತಾಕ್ತೈತಿ. ಗಾಡಿ, ಬಸ್ಸು ಹತ್ತಬಾರದು, ಜಗ್ಗಾಡಿ ಇಳಿದು ಹೋಗ್ತೈತಿ. ಗುಳಿಗಿ ನುಂಗಬಾರದು, ಕೂಸಿಗೆ ಉಷ್ಣ ಆಗ್ತೈತಿ. ನನ್ನ ಗುಳಿಗಿ ಡಬ್ಬಿ, ಪುಡಿ ಡಬ್ಬಿ ಎಲ್ಲಾ ನಮ್ಮತ್ತಿ ಕೈಲೆ ಮ್ಯಾಲಿನ ಹಲಗಿ ಏರಿದ್ವು. ನನಗೂ ಅದ ಬೇಕಾಗಿತ್ತು, ಆ ಗುಳಿಗಿ ನುಂಗೋದು ನನಗೂ ಸಾಕಾಗಿತ್ತು. ಬೆಳಗಾವಿಯಿಂದ ಫೋನ್ ಬಂತು, ತಪಾಸಣಿಗೆ ಯಾಕ ಬರಲಿಲ್ಲ ಅಂತ. ನಮ್ಮನಿಯವ್ರು ನನ್ನ ಮಾರಿ ನೋಡಿ ನಕ್ಕೋತ, "ಆಕಿ ಆರಾಮ ಅದಾಳ್ರಿ, ಮುಂದಿನ ತಿಂಗಳ ಬರತೇವ್ರಿ" ಅಂದ್ರು. ಆ ಒಂದು ಫೋನಿಗೆ ನಾವು ಹೋಗಿದ್ರ ಈ ಕತಿ ಇಲ್ಲಿಗೇ ಮುಗೀತಿತ್ತು.

ಮೂರನೇ ತಿಂಗಳಿಗೆ ಕಳ್ಳ ಕುಬುಸ ಆತು. ಐದಕ್ಕೋ ಏಳಕ್ಕೋ ಊರು ಕರದು ಮಾಡೋ ಕುಬುಸ ಬ್ಯಾರೆ. ಇದು ಅದಕ್ಕೂ ಮೊದಲ, ಬಾಗಲಾ ಮುಂದ ಮಾಡಿ, ಮನಿ ಹೆಂಗಸ್ರಷ್ಟ ಸೇರಿ ಬಸರಿಗೆ ಹಸರು ಕುಬುಸ ತೊಡಿಸಿ, ಹಸರು ಬಳಿ ಇಡಿಸಿ, ಉಡಿ ತುಂಬೋದು. ಕಳ್ಳ ಅಂತ ಹೆಸರಷ್ಟ. ಬಾಜೂ ಮನಿ ಪಾರ್ವತಕ್ಕ ಕರೀದ ಬಂದಿದ್ಲು, ಆಕಿ ಬಂದ ಮ್ಯಾಲ ಓಣಿಗೆ ಬ್ಯಾರೆ ಡಂಗುರ ಬ್ಯಾಡ.

ಆ ಹಸರು ಕುಬುಸ ನಾನ ಹೊಲದೆ. ಮಂದಿ ಕುಬುಸ ಎಷ್ಟ ಹೊಲದಿದ್ನೋ, ನನ್ನದು ಹೊಲಿಯೋ ದಿನ ಬರ್ತೈತಿ ಅಂತ ಅಂದ್ಕೊಂಡಿರಲಿಲ್ಲ. ಟೇಪ್ ಹಿಡದು ಕನ್ನಡಿ ಮುಂದ ನಿಂತೆ. ತೋಳು ಕಡ್ಡಿ ಆಗಿದ್ವು. ಎದಿ ಅಳತಿ ಸಣ್ಣ ಹುಡುಗಿದು. ಹೊಟ್ಟಿ ಮಾತ್ರ ಮುಂದ ಬಂದಿತ್ತು, ಕಾಲು ಬಾತಿದ್ವು. ಬಸರಿ ಹೆಂಗಸ್ರ ಅಳತಿ ನನಗ ಬಾಯಿಪಾಠ ಐತಿ. ಅವ್ರ ತೋಳು ಹಿಂಗ ಕರಗಂಗಿಲ್ಲ. ಆದ್ರೂ ಹೊಟ್ಟಿ ನೋಡಿದೆ, ತೋಳು ನೋಡಲಿಲ್ಲ. ಮುಂದ ಬಿಚ್ಚಿ ದೊಡ್ಡದು ಮಾಡಾಕ ಬರ್ಲಿ ಅಂತ ಎರಡೂ ಬಗಲಾಗ ಅಗಲ ಬಟ್ಟಿ ಬಿಟ್ಟು ಹೊಲದೆ.

ಅವತ್ತ ನಮ್ಮತ್ತಿ ಹೋಳಗಿ ಮಾಡಿದ್ಲು. ತುಪ್ಪ ಹಾಕಿ, ತನ್ನ ಕೈಲೆ ಮುರದು ನನ್ನ ಬಾಯಾಗ ಇಟ್ಲು. ಎರಡು ತುತ್ತು ಹೋತು. ಅಷ್ಟರಾಗ ಮೈಯೆಲ್ಲ ಬೆವತು, ಎದಿ ಧಡಧಡ ಹೊಡಕೊಳ್ಳಾಕ ಹತ್ತಿತು, ಕಣ್ಣು ಕತ್ತಲಿ ಬಂತು. ಹಿತ್ತಲಿಗೆ ಓಡಿದೆ, ಅಲ್ಲೇ ಬಿದ್ದೆ. ಆಪರೇಷನ್ ಆದವ್ರಿಗೆ ಬೆಲ್ಲ, ಸಕ್ರಿ ತಿಂದ್ರ ಹಿಂಗಾಗ್ತೈತಿ ಅಂತ ಡಾಕ್ಟರು ಎಂದೋ ಹೇಳಿದ್ದು ನೆನಪಾಗಲಿಲ್ಲ. ಪಾರ್ವತಕ್ಕ ಬೀಸಣಿಗಿ ಹಿಡದು, "ಇಷ್ಟ ತ್ರಾಸ ಕೊಡತೈತಂದ್ರ ಗಂಡೇ ನೋಡ ನೀಲವ್ವ" ಅಂದ್ಲು. ಎಲ್ಲಾರೂ ನಕ್ರು. ನೆಲದ ಮ್ಯಾಲ ಬಿದ್ದಲ್ಲಿಂದ ನಾನೂ ನಕ್ಕೆ.

ನಗದಾಕಿ ಒಬ್ಬಾಕಿ, ನಮ್ಮವ್ವ. ನನ್ನ ತವರೂರು ಚಚಡಿಯಿಂದ ಬಂದಿದ್ಲು. ನನ್ನ ತಲಿ ತನ್ನ ತೊಡಿ ಮ್ಯಾಲ ಇಟ್ಕೊಂಡು ಕೂದಲಾಗ ಕೈ ಆಡಿಸಿದ್ಲು. ಕೈಯಾಗ ಕೂದಲು ಹಿಡಿ ಹಿಡಿ ಬಂತು.

"ನೀಲವ್ವಾರ, ಬಸರಿ ಮಾರಿ ಹಿಂಗ ಇರಂಗಿಲ್ರಿ. ಹುಡುಗಿ ಮಾರ್ಯಾಗ ರಕ್ತ ಇಲ್ಲ. ಒಮ್ಮಿ ದವಾಖಾನಿಗೆ ತೋರಸ್ರಿ," ಅಂದ್ಲು.

"ಒಳ್ಳೇ ಕೆಲಸದಾಗ ಅಪಶಕುನ ಆಡಬ್ಯಾಡ್ರಿ ಬೀಗತೀ. ನಿಮ್ಮ ಮಗಳಿಗೆ ನಾವೇನು ಕಡಿಮಿ ಮಾಡೇವಿ?"

ಅವ್ವ ನನ್ನ ಮಾರಿ ನೋಡಿದ್ಲು. ನಾ ಏನಂದೆ ಗೊತ್ತೈತೇನು? "ನೀ ಸುಮ್ನಿರಬೇ, ಎಲ್ಲಾದಕ್ಕೂ ಅಂಜತಿ" ಅಂದೆ. ಅವ್ವ ಅವತ್ತ ಸಂಜಿ ಬಸ್ಸಿಗೆ ಹೊಳ್ಳಿ ಹೋದ್ಲು.

ಸ್ವಲ್ಪ ದಿನಕ್ಕ ಮಶೀನ್ ಮುಂದ ಕುಂತಾಕಿ ಹಂಗ ಮುಂದಕ್ಕ ಬಾಗಿ ಬಿದ್ದೆ. ನಮ್ಮನಿಯವ್ರ ದೋಸ್ತನ ಕಾರಿನ್ಯಾಗ ಬೆಳಗಾವಿಗೆ ಒಯ್ದ್ರು. ದಾರಿಯುದ್ದಕ್ಕೂ ನಮ್ಮತ್ತಿ ನನ್ನ ಹೊಟ್ಟಿ ಮ್ಯಾಲ ಕೈ ಇಟ್ಕೊಂಡು, "ಸಾವಕಾಶ ಹೊಡಿಯಪ್ಪಾ, ಎರಡು ಜೀವ ಐತಿ" ಅಂತಿದ್ಲು. ಮತ್ತ ಅದ ಫೋಟೋದ ಗ್ವಾಡಿ ಮುಂದ ಸ್ಟ್ರೆಚರ್ ನಿಲ್ಲಿಸಿದ್ರು. ಪಾಳಿ ಬರೋತನಕ ನಗೋ ಹೆಂಗಸ್ರೆಲ್ಲಾ ನನ್ನ ನೋಡಾಕ ಹತ್ತಿದ್ರು.

ಸ್ಕ್ಯಾನಿಂಗ್ ಮಾಡಾಕಿ ಸಣ್ಣ ವಯಸ್ಸಿನ ಡಾಕ್ಟರ್ ಬಾಯಿ. ನಮ್ಮತ್ತಿ ಹೊರಗ ನಿಲ್ಲಾಕ ಒಪ್ಪಲಿಲ್ಲ. "ಎಷ್ಟ ಬೆಳದೈತ್ರಿ?" ಅಂತ ಕೇಳಿದ್ಲು. ಆಕಿ ಮಶೀನ್ ನೋಡಿದ್ಲು, ನನ್ನ ನೋಡಿದ್ಲು.

"ಗರ್ಭದಾಗ ಏನೂ ಇಲ್ರಿ ಅಮ್ಮಾರ. ಹೊಟ್ಟ್ಯಾಗ ನೀರು ತುಂಬೈತ್ರಿ."

"ಸರಿಯಾಗಿ ನೋಡ್ರಿ ಬಾಯಿ. ಸಣ್ಣದಿರತೈತಿ."

ಆಕಿ ಮತ್ತೊಮ್ಮಿ ನೋಡಿದ್ಲು. ನೋಡೋ ಅವಶ್ಯಕತಿ ಇರಲಿಲ್ಲ, ಒಂದು ಮುದುಕಿ ಸಲುವಾಗಿ ನೋಡಿದ್ಲು. ನಾ ಮಲಗಿದಲ್ಲೇ ಆಕಿ ಮಾರಿ ನೋಡಿ ತಿಳಕೊಂಡೆ. ಅಷ್ಟು ದಿನ ರಾತ್ರಿ ಹಗಲು ಕೂಸು ಅಂತ ನಾ ಮಾತಾಡಿದ್ದು ನೀರಿನ ಜೋಡಿ.

ಮೈಯಾಗ ರಕ್ತ ಇಲ್ಲ, ಸತ್ವ ಇಲ್ಲ, ಅದಕ್ಕ ನೀರು ತುಂಬೈತಿ, ಅದಕ್ಕ ಮಣ್ಣಿನ ಆಶಾ, ಅದಕ್ಕ ಮುಟ್ಟು ನಿಂತದ್ದು. ದೊಡ್ಡ ಡಾಕ್ಟರು ಒಂದೊಂದ ಹೇಳಿದ್ರು. ನಮ್ಮ ಲಕ್ಷಣ ಎಲ್ಲಾ ಒಂದೊಂದ ಕಸಗೊಂಡ್ರು. ಗುಳಿಗಿ ಯಾಕ ಬಿಟ್ರಿ, ವಾಂತಿ ಆದ್ರ ಯಾಕ ಬರಲಿಲ್ಲ ಅಂತ ಬೈದ್ರು. ಆಪರೇಷನ್ ಕಿಂತ ಮೊದಲ ಇದನ್ನ ಬಿಡಿಸಿ ಹೇಳಬೇಕಿತ್ತಲ್ರಿ ಅಂತ ನಾ ಅಂದ್ರ, ಸಹಿ ಮಾಡಿದ ಕಾಗದದಾಗ ಎಲ್ಲಾ ಬರದಿತ್ತು ಅಂದ್ರು. ಬರದಿತ್ತು, ಇಂಗ್ಲಿಷಿನ್ಯಾಗ. ನೀವು ಯಾರರೆ ಈ ಆಪರೇಷನ್ ಆದವ್ರು ಇದನ್ನ ಓದಾಕ ಹತ್ತಿದ್ರ, ವಾಂತಿ ನಿಲ್ಲವಲ್ದು, ಕಾಲು ಬಾತಾವು, ಬಾಯಿ ಮಣ್ಣು ಬೇಡತೈತಿ ಅಂದ್ರ, ಯಾರ ಮಾತೂ ಕೇಳಬ್ಯಾಡ್ರಿ, ಎದ್ದು ಬಸ್ ಹತ್ರಿ.

ಮೂಗಿನ್ಯಾಗ ನಳಿ ಹಾಕಿ ಹಾಲಿನಂಥಾ ಔಷಧ ಬಿಡತಿದ್ರು. ಭಾಳ ದಿನ ಹಂಗ ಮಲಗಿದ್ದೆ. ಅವ್ವ ಚಚಡಿಯಿಂದ ಬಂದು ಕಾಟಿನ ಬಾಜೂಕ ಕುಂತಾಕಿ ಏಳಲಿಲ್ಲ. ನಾ ಅವತ್ತ ಏನಂದಿದ್ದೆ ಅಂತ ನೆನಪ ಮಾಡಿ ಕೊಡಲಿಲ್ಲ, ಈಗ ಹೆಂಗಾತು ಅಂತನೂ ಕೇಳಲಿಲ್ಲ. ಬಾಯಿಲೆ ಉಣ್ಣಾಕ ಬಿಟ್ಟಾಗ ಗಂಜಿ ಚಮಚೆ ತುದೀಲೆ ಕೊಡತಿದ್ಲು. ನಾ ವಾಂತಿ ಮಾಡಿದ್ರ ಒರಸ್ತಿದ್ಲು, ಮತ್ತ ಚಮಚೆ ಹಿಡೀತಿದ್ಲು. ಬಾಜೂ ಕಾಟಿನ ರಾಮದುರ್ಗದ ಹೆಂಗಸು "ನಿಮ್ಮವ್ವಗ ಬ್ಯಾಸರ ಅನ್ನೋದ ಇಲ್ಲೇನವಾ?" ಅಂದ್ಲು. ಆ ದವಾಖಾನ್ಯಾಗ ನನಗ ಸಿಕ್ಕ ಸುಖ ಅಂದ್ರ ಅದೊಂದ.

ಸ್ವಲ್ಪ ಶಕ್ತಿ ಬಂದ ಮ್ಯಾಲ ಡಾಕ್ಟರು ಎಲ್ಲಾರನೂ ಕರದು ಹೇಳಿದ್ರು. ಈ ಜೋಡಣಿ ಇಕೀಗೆ ಆಗಿಬರಲಿಲ್ಲ. ನಳಿ ತಗದ್ರ ಮತ್ತ ಹಿಂಗ ಆಗ್ತೈತಿ. ಕರಳು ಬಿಚ್ಚಿ ಮೊದಲಿನಂಗ ಜೋಡಿಸಬೇಕು. ಮೊದಲನೇದಕ್ಕಿಂತ ಇದು ತ್ರಾಸಿಂದು, ಆದ್ರ ಮಾಡಲಿಲ್ಲಂದ್ರ ಇಕಿ ಉಳಿಯೋದು ಕಷ್ಟ.

ನಮ್ಮನಿಯವ್ರು ಕೇಳಿದ್ರು, "ಹಂಗ ಮಾಡಿದ್ರ ಮತ್ತ ದಪ್ಪ ಆಗ್ತಾಳೇನ್ರಿ?"

"ಆಗಬಹುದು."

"ಮತ್ತ ಮಕ್ಕಳ ವಿಚಾರ?"

ಡಾಕ್ಟರು ಕನ್ನಡಕ ತಗದು ಅವ್ರ ಮಾರಿ ನೋಡಿದ್ರು. "ಮೊದ್ಲ ಹೆಂಡತಿ ಉಳೀಲ್ರಿ," ಅಂದ್ರು.

ನಾ ಅಲ್ಲೇ ಗಾಲಿ ಕುರ್ಚ್ಯಾಗ ಕುಂತಿದ್ದೆ. ನನ್ನ ಮುಂದ ನಡೆದ ಮಾತು ಇದು. ನಮ್ಮತ್ತಿ, "ಗುಳಿಗಿ, ಸಲಾಯಿನ್ ಮ್ಯಾಲ ಇನ್ನಷ್ಟ ದಿನ ನೋಡೂಣ್ರಿ. ಇಷ್ಟ ಕಷ್ಟಪಟ್ಟು ಇಳದಾಳ, ಮತ್ತ ಮೊದಲಿನಂಗ ಆದ್ರ ಯಾವ ಬಾಗಲಾ ಬಡಿಯೋಣು?" ಅಂದ್ಲು. ನಮ್ಮನಿಯವ್ರು ವಿಚಾರ ಮಾಡಿ ಹೇಳತೇನಿ ಅಂದು, ಅಂಗಡಿ ನೋಡಾಕ ಅಂತ ಕಿತ್ತೂರಿಗೆ ಹೋದ್ರು. ಮರುದಿನ ಬರಲಿಲ್ಲ. ಅದರ ಮರುದಿನಾನೂ ಬರಲಿಲ್ಲ. ಫೋನ್ ಹಚ್ಚಿದ್ರ ಲಾರಿ ನಿಂತೈತಿ, ಆಮ್ಯಾಲ ಮಾತಾಡತೇನಿ ಅಂದ್ರು. ನಾ ಸತ್ರ ಏನು ಅಂತ ಅವ್ರು ವಿಚಾರ ಮಾಡಲಿಲ್ಲ. ನಾ ಬದುಕಿ ಮತ್ತ ದಪ್ಪಾಗಿ, ಮಕ್ಕಳಿಲ್ದ ಉಳದ್ರ ಏನು ಅಂತ ವಿಚಾರ ಮಾಡಿದ್ರು. ಇದನ್ನ ನಾ ಮರೆಯಾಕ ಪ್ರಯತ್ನ ಮಾಡೇನಿ, ಆಗಿಲ್ಲ.

ನನ್ನ ಸಹಿ ನಾ ಮಾಡಿದೆ. ಮನಿಯವ್ರು ಒಬ್ರರೆ ಮಾಡಬೇಕು ಅಂತ ನರ್ಸ್ ನಿಂತಿದ್ಲು. ಅವ್ವ ಕೈ ಮುಂದ ಮಾಡಿ, "ನಾ ಸಾಲಿ ಕಲತಾಕಿ ಅಲ್ರಿ. ನನ್ನ ಹೆಬ್ಬಟ್ಟು ನಡೀತೈತೇನ್ರಿ?" ಅಂದ್ಲು. ನಡೀತು. ಆಪರೇಷನ್ ಮುಂಜಾನೆ ನಮ್ಮನಿಯವ್ರು ಬಂದ್ರು, ಬಾಗಲದಾಗ ನಿಂತು ಅತ್ರು. ನನಗ ಅಳು ಬರಲಿಲ್ಲ.

ಎರಡನೇ ಆಪರೇಷನ್ ಹೆಂಗಿತ್ತು ಅಂತ ಹೇಳಾಕ ನನ್ನ ಹಂತೇಕ ಶಬ್ದ ಇಲ್ಲ. ಕೆಮ್ಮಿದ್ರ ಹೊಟ್ಟಿ ಹರದಂಗ ಆಗತಿತ್ತು. ಗಾಯ ಕೀವಾತು, ಮತ್ತ ತೊಳದ್ರು, ಮತ್ತ ಹೊಲದ್ರು. ನಾ ಹೊಲಿಯೋ ಹೆಂಗಸು, ಆ ಹೊಲಿಗಿ ನೋಡಿ ನಾಚಿಗಿ ಬಂತು. ಆದ್ರ ಒಂದಿನ ಮುಂಜಾನೆ ಎದ್ದಾಗ ಹೊಟ್ಟ್ಯಾಗ ಏನೋ ಕಿವಿಚಿದಂಗ ಆತು. ಬ್ಯಾನಿ ಅಂತ ಅಂಜಿದೆ. ಬ್ಯಾನಿ ಅಲ್ಲ, ಹಸಿವಿ. ವರ್ಷದ ಮ್ಯಾಲಾಗಿತ್ತು ಅದರ ಗುರುತು ಮರೆತು. ಅವ್ವ ರೊಟ್ಟಿ ಹಾಲಿನ್ಯಾಗ ನೆನಸಿ ಕೊಟ್ಲು. ಹೊಟ್ಟ್ಯಾಗ ಉಳೀತು.

ಅವ್ವ ನನ್ನ ಬೈಲಹೊಂಗಲದಾಗ ಬಿಟ್ಟು ಊರಿಗೆ ಹೋದ್ಲು. ನಾ ಮಶೀನ್ ಮುಂದ ಕುಂತೆ. ರೊಟ್ಟಿ, ಪಲ್ಯ, ಮಸರು ಎಲ್ಲಾ ಹೋಗಾಕ ಹತ್ತಿತು. ವಜನ ಏರಾಕ ಹತ್ತಿತು. ಈಗ ನೀವು ನನ್ನ ನೋಡಿದ್ರ ಎಡಗಡೆ ಫೋಟೋದಾಕಿ ಅಂತೀರಿ. ಗುಳಿಗಿ ಇನ್ನೂ ಅದಾವು, ಬಿಟ್ಟಿಲ್ಲ. ಖಡು ಈಗ ಬಟ್ಟಿಗಷ್ಟ.

ಆದ್ರ ಹೆಂಗಸ್ರು ಮಶೀನ್ ಮುಂದ ಬಂದು ಕುಂದ್ರೋದು ಬಿಟ್ರು. ಬಟ್ಟಿ ಬಾಗಲದಾಗ ಕೊಟ್ಟು ಹೋಗತಿದ್ರು. ಯಾಕ ಅಂತ ತಿಳೀಲಿಲ್ಲ. ಕಡೀಕ ಪಾರ್ವತಕ್ಕನ ಹೇಳಿದ್ಲು, ಸಂತೈಸೋ ಹಂಗ: "ಹೋಗಲಿ ಬಿಡ ಶೋಭಾ. ನಿನ್ನ ಜೀವ ಉಳೀಬೇಕಂದ್ರ ಕೂಸು ತಗೀಬೇಕಾತು ಅಂತ ನೀಲವ್ವ ಹೇಳಿದ್ಲು. ಮಂದಿ ಮಾತು ಮನಸಿಗೆ ಹಚ್ಚಿಕೋಬ್ಯಾಡ."

ಮಂದಿ ಮಾತು ಏನು? ಉಣ್ಣೋ ಆಸೆಗೆ ಬಿದ್ದು ಶೋಭಾ ಕೂಸು ತಗಸ್ಯಾಳ, ಅದು ಮಂದಿ ಮಾತು.

ಅವತ್ತ ಸಂಜೀಕ ನಮ್ಮನಿಯವ್ರು ಕೈ ತೊಳೀತಿದ್ರು, ಅಂಗಡಿ ಎಣ್ಣಿ ಕೈ. ನಾ ಹೇಳಿದೆ, "ನೀವ ಸ್ಕ್ಯಾನಿಂಗ್ ಕಾಗದಾ ನೋಡೀರಿ. ಕೂಸು ಇರಲಿಲ್ಲ ಅಂತ ನಿಮ್ಮವ್ವಗ ಒಂದ ಸಲ ಬಿಡಿಸಿ ಹೇಳ್ರಿ. ಓಣಿಗೂ ಹೇಳ್ರಿ."

ಭಾಳ ಹೊತ್ತು ಸಬಕಾರ ತಿಕ್ಕಿದ್ರು. "ಇರ್ಲಿ ಬಿಡ ಶೋಭಾ. ಅವ್ವಗ ಅಷ್ಟರೆ ಇರ್ಲಿ," ಅಂದ್ರು.

"ನನಗ ಏನ ಇರ್ಲಿ?" ಅಂತ ಕೇಳಿದೆ. ಟಾವೆಲ್ ತಗೊಂಡು ಒಳಗ ಹೋದ್ರು.

ಪಾರ್ವತಕ್ಕನ ಮಗಳಿಗೆ ಏಳು ತಿಂಗಳಾದಾಗ ಕುಬುಸ ಇಟ್ಕೊಂಡಿದ್ರು. ನಮ್ಮ ಮನಿಗೆ ಬಂದು ನಮ್ಮತ್ತಿನಷ್ಟ ಕರದು ಹೋದ್ರು. ಕುಬುಸ ಹೊಲಿಯಾಕ ಮಾತ್ರ ನನ್ನ ಕಡೆ ಕೊಟ್ಟಿದ್ರು. ನಾ ಹೊಲದೆ, ಇಸ್ತ್ರಿ ಮಾಡಿದೆ, ನಾನ ಒಯ್ದು ಕೊಟ್ಟೆ. ಪಡಸಾಲಿ ತುಂಬ ಹೆಂಗಸ್ರು. ನಾ ಬಂದದ್ದ ನೋಡಿ ಮಾತು ನಿಂತ್ವು. ಒಬ್ಬಾಕಿ ಬಸರಿ ಹುಡುಗಿ ಮಾರಿ ಮ್ಯಾಲ ಸೆರಗು ಜಗ್ಗಿದ್ಲು. ನಾ ಹೊಲದ ಕುಬುಸ ಆಕೀಗೆ ನಡೀತೈತಿ, ನನ್ನ ಕಣ್ಣು ನಡಿಯಂಗಿಲ್ಲ. ಅಲ್ಲಿ ನನ್ನ ಸಿಟ್ಟು ನೆತ್ತಿಗೇರಿತು.

"ಕೇಳ್ರಿ ಎಲ್ಲಾರೂ," ಅಂದೆ. "ನನ್ನ ಹೊಟ್ಟ್ಯಾಗ ಕೂಸು ಎಂದೂ ಇರಲಿಲ್ಲ. ನೀರಿತ್ತು. ಉಪಾಸ ಬಿದ್ದು ಬಂದ ನೀರು. ಸ್ಕ್ಯಾನಿಂಗ್ ದಾಗ ನಮ್ಮತ್ತಿ ನನ್ನ ಬಾಜೂಕ ನಿಂತು ಕೇಳ್ಯಾಳ. ನಾ ಯಾರನ್ನೂ ತಗಸಿಲ್ಲ."

ನಮ್ಮತ್ತಿ ಕುಂತಲ್ಲಿಂದ ಎದ್ದು, ಉಡಿ ಅಕ್ಕಿ ತಾಟು ಕೆಳಗಿಟ್ಟು, ತಾನೊಬ್ಬಾಕಿನ ನಮ್ಮ ಮನಿಗೆ ಹೋದ್ಲು. ನಾ ಬಂದಾಗ ಪಡಸಾಲ್ಯಾಗ ಗ್ವಾಡಿಗೆ ಆತು ಕುಂತಿದ್ಲು. ಬೈತಾಳ ಅಂತ ತಯಾರಾಗಿ ಬಂದಿದ್ದೆ, ನನ್ನ ಹಂತೇಕ ಹೇಳಾಕ ಭಾಳ ಮಾತಿದ್ವು. ಆಕಿ ಬೈಯಲಿಲ್ಲ.

"ಇಷ್ಟ ದಿನಾ ಹೋದ ಕೂಸರೆ ಇತ್ತು ನನಗ," ಅಂದ್ಲು. "ಅದನ್ನೂ ಕಸಗೊಂಡಿ."

ನ್ಯಾಯ ನನ್ನ ಕಡೆ ಇತ್ತು. ಈಗೂ ಐತಿ. ನನಗೂ ಅದ ಕೂಸ ಹೋಗೇತ್ರಿ ಅತ್ತಿ ಅಂತ ಅನ್ನಬಹುದಿತ್ತು, ಅನ್ನಲಿಲ್ಲ. ಒಳಗ ಹೋಗಿ ಒಲಿ ಹಚ್ಚಿ ರೊಟ್ಟಿ ಬಡದೆ. ಎರಡು ತಾಟಿಗೆ ಹಾಕಿದೆ. ಕರದೆ, ಆಕಿ ಬರಲಿಲ್ಲ. ಆಮ್ಯಾಲ ಬಂದ ನಮ್ಮನಿಯವ್ರೂ ತಮ್ಮವ್ವನ ಮಾರಿ ನೋಡಿ ತಾಟು ಸರಿಸಿದ್ರು. ನನಗ ಹಸಿವಾಗಿತ್ತು. ಅವತ್ತ ಆ ಮನ್ಯಾಗ ಉಂಡಾಕಿ ನಾ ಒಬ್ಬಾಕಿನ.